ಗೆರೆಯಕ್ಕನ ಕೈ, ಸಂಘದ ಗ್ಲೌಸು

ಗೆರೆಯಕ್ಕನಿಗೆ ಲಾಂಡ್ರಿಯವರು ಅರವತ್ತು ದಿನದ ಕೂಲಿ ಬಾಕಿ ಇಟ್ಟುಕೊಂಡಿದ್ದಾರೆ. ಅವಳು ರಜೆ ಕೇಳಿದ್ದಲ್ಲ. ಒಳಗೆ ಬರಬೇಡ ಅಂತ ಅವರೇ ಹೊರಗೆ ಕೂರಿಸಿದ್ದು. ಕೂರಿಸಿದವರು ಕೂಲಿ ಕೊಡಬೇಕು, ಕೊಟ್ಟಿಲ್ಲ. ಇದನ್ನು ಓದಿ ಮುಗಿಸಿ ‘ಪಾಪ’ ಅನ್ನಬೇಕು ಅಂತ ಬಂದವರು ಈಗಲೇ ಎದ್ದು ಹೋಗಬಹುದು. ಅವಳಿಗೆ ಪಾಪ ಅನ್ನುವವರು ಬೇಕಾದಷ್ಟು ಸಿಕ್ಕರು. ಪಾಪ ಅನ್ನುತ್ತಲೇ ಎರಡು ಹೆಜ್ಜೆ ಹಿಂದೆ ಸರಿದವರೂ ಅವರೇ.

ಅವಳಿಗೆ ಅರವತ್ತೊಂದು. ಹೋಟೆಲುಗಳಿಂದಲೂ ನರ್ಸಿಂಗ್ ಹೋಮುಗಳಿಂದಲೂ ಕೊಳೆಬಟ್ಟೆ ಬರುವ ದೊಡ್ಡ ಲಾಂಡ್ರಿಯಲ್ಲಿ ಮಡಿಸುವ ಮೇಜಿನ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಮೇಜು, ಅದೇ ತುದಿ. ಅವಳು ಮಡಿಸಿದ ಬೆಡ್‌ಶೀಟು ಬಿಚ್ಚಿದರೆ ಗೆರೆಗಳು ಅಳತೆ ಕೋಲಿಟ್ಟು ಎಳೆದ ಹಾಗೆ ಇರುತ್ತವೆ ಅಂತ ಯಾರೋ ಗೆರೆಯಕ್ಕ ಅಂದರು, ಅದೇ ನಿಂತಿತು. ಸ್ವಭಾವವೂ ಹಾಗೇ. ನಗುವುದಕ್ಕೂ ಬೈಯುವುದಕ್ಕೂ ಮಡಿಕೆ ಬಿಟ್ಟು ಆಚೆ ಹೋಗುವವಳಲ್ಲ. ಚಾಡಿ ಹೇಳಲು ಬಂದವರನ್ನು, ಮೊದಲು ಆ ಮೂಲೆ ಹಿಡಿ, ಆಮೇಲೆ ಹೇಳು ಅನ್ನುತ್ತಿದ್ದಳು. ಅರ್ಧ ಜನ ಮೂಲೆ ಹಿಡಿಯಬೇಕಾದೀತು ಅಂತಲೇ ಹತ್ತಿರ ಬರುತ್ತಿರಲಿಲ್ಲ.

ಮಡಿಸುವ ಕೆಲಸ ಹೇಗೆ ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಲೆಗೆ ಹೋಗುವುದಿಲ್ಲ. ಹೋಟೆಲಿನ ಅಗಲದ ಬೆಡ್‌ಶೀಟನ್ನು ಒಬ್ಬಳೇ ಮಡಿಸಲು ಬರುವುದಿಲ್ಲ. ಇಸ್ತ್ರಿ ರೋಲರಿನಿಂದ ಬಿಸಿಬಿಸಿಯಾಗಿ ಹೊರಬಂದದ್ದನ್ನು ಇಬ್ಬರು ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿಯಬೇಕು. ಒಮ್ಮೆ ಕೊಡವಿ, ಬಿಗಿಯಾಗಿ ಎಳೆದು, ನಡುವಿಗೆ ಮಡಿಸಿ, ಆಮೇಲೆ ಒಬ್ಬಳು ನಡೆದು ಬಂದು ತನ್ನ ಮೂಲೆಗಳನ್ನು ಇನ್ನೊಬ್ಬಳ ಬೆರಳಿಗೆ ಒಪ್ಪಿಸಬೇಕು. ಬೆರಳಿಗೆ ಬೆರಳು ತಾಗದೆ ಮಡಿಕೆ ಕೂರುವುದಿಲ್ಲ. ಪಾಳಿಗೆ ಒಂದು ಜೋಡಿ ನಾನೂರು ಶೀಟು ಮಡಿಸಬೇಕು. ಗೆರೆಯಕ್ಕನ ಜೋಡಿ ಕುಳ್ಳಿ. ಒಬ್ಬಳು ಬಿದಿರು, ಇನ್ನೊಬ್ಬಳು ಬುಡ್ಡಿ. ಹತ್ತೊಂಬತ್ತು ವರ್ಷ ದಿನಕ್ಕೆ ನಾನೂರು ಸಲ ಕೈ ಮುಟ್ಟಿಕೊಂಡವರು. ಕಟ್ಟಿಕೊಂಡ ಗಂಡನನ್ನು ಇಬ್ಬರೂ ಅಷ್ಟು ಸಲ ಮುಟ್ಟಿರಲಿಲ್ಲ ಅಂತ ಕುಳ್ಳಿಯೇ ತಮಾಷೆ ಮಾಡುತ್ತಿದ್ದಳು.

ಹೋದ ವರ್ಷ ನರ್ಸಿಂಗ್ ಹೋಮಿನ ಮೂಟೆಯೊಂದರಲ್ಲಿ ಬಳಸಿ ಬಿಸಾಕಿದ ಸೂಜಿ ಸಿಕ್ಕಿಕೊಂಡು ಬಂತು. ಕೊಳೆಬಟ್ಟೆ ವಿಂಗಡಿಸುವವಳೊಬ್ಬಳ ಹೆಬ್ಬೆರಳಿಗೆ ಚುಚ್ಚಿತು. ಅವಳು ಆರು ತಿಂಗಳು ರಕ್ತ ಪರೀಕ್ಷೆಗೆ ಓಡಾಡಿ, ಏನೂ ಇಲ್ಲ ಅಂತ ಗೊತ್ತಾಗುವಷ್ಟರಲ್ಲಿ ಮೂಳೆ ಚಕ್ಕಳ ಆಗಿದ್ದಳು. ಆ ಸೂಜಿಯ ವಿಷಯ ಹಿಡಿದು ನಮ್ಮ ಲಾಂಡ್ರಿ ಕಾರ್ಮಿಕರ ಸಂಘ ಗೇಟಿನ ಮುಂದೆ ಹತ್ತೊಂಬತ್ತು ದಿನ ಧರಣಿ ಕೂತಿತು. ಪೊಲೀಸರು ಎರಡು ಸಲ ಎತ್ತಿಹಾಕಿಕೊಂಡು ಹೋದರು. ಕೊನೆಗೆ ಗೆದ್ದದ್ದು ಒಂದೇ, ಕೈಗವಸು. ಒಬ್ಬೊಬ್ಬರಿಗೆ ವಾರಕ್ಕೆ ಎರಡು ಜೊತೆ, ಹಳದಿ ಬಣ್ಣದ ರಬ್ಬರಿನವು. ಒಪ್ಪಂದದ ಏಳನೇ ಕರಾರು ಹೀಗಿದೆ: ‘ರಬ್ಬರ್ ಕೈಗವಸು ಧರಿಸದೆ ಯಾವ ಕಾರ್ಮಿಕರೂ ಕೆಲಸದ ಮೇಜಿನ ಬಳಿ ಬರತಕ್ಕದ್ದಲ್ಲ.’ ಇದನ್ನು ಬರೆದದ್ದು ಕಂಪನಿಯಲ್ಲ, ನಾವು. ನಾಳೆ ಮ್ಯಾನೇಜರ್ ಗ್ಲೌಸ್ ಮುಗಿದಿದೆ, ಇವತ್ತೊಂದಿನ ಬರಿಗೈಲಿ ಮಾಡಿಬಿಡಿ ಅನ್ನಬಾರದು ಅಂತ ಬುದ್ಧಿವಂತಿಕೆ ಮಾಡಿ ಹಾಕಿಸಿದ ಸಾಲು. ‘ರಬ್ಬರ್’ ಅನ್ನುವ ಪದ ನನ್ನದು. ಬಟ್ಟೆಯ ಗ್ಲೌಸು ಕೊಟ್ಟು ಕೈ ತೊಳೆದುಕೊಂಡಾರು ಅಂತ ನಾನೇ ಸೇರಿಸಿದೆ.

ಗ್ಲೌಸು ಬಂದ ಮೇಲೆ ಸೆಕೆಗೆ ಬೆವರುತ್ತದೆ, ನಾರುತ್ತದೆ, ಬೆರಳಿಗೆ ಬಟ್ಟೆಯ ಅಂಚು ಸಿಗುವುದಿಲ್ಲ ಅಂತ ಹೆಂಗಸರು ಗೊಣಗಿದರು. ಕಳಚಿಟ್ಟವರನ್ನು ಕಂಪನಿಗಿಂತ ಮೊದಲು ನಾವು ಬೈದೆವು. ಈ ಹಳದಿ ಗ್ಲೌಸಿಗೆ ಲಾಠಿ ಏಟು ತಿಂದಿದ್ದೀವಿ, ಗೊತ್ತಾ ಅಂದೆವು. ಗೆರೆಯಕ್ಕ ಗೊಣಗಲಿಲ್ಲ. ಪೊಲೀಸ್ ವ್ಯಾನಿಗೆ ಹತ್ತಿದವರಲ್ಲಿ ಅವಳೂ ಒಬ್ಬಳು. ಪಾಳಿ ಶುರುವಾದಾಗ ಹಾಕಿದರೆ ಮುಗಿಯುವವರೆಗೂ ತೆಗೆಯುತ್ತಿರಲಿಲ್ಲ.

ಮೂರು ತಿಂಗಳಿಗೆ ಅವಳ ಬಲಗೈ ಹಿಂಬದಿಯಲ್ಲಿ ಕಾಸಿನಗಲ ಕೆಂಪು ದದ್ದು ಎದ್ದಿತು. ಆಮೇಲೆ ಎಡಗೈಗೆ, ಬೆರಳ ಸಂದಿಗೆ. ಸಣ್ಣ ನೀರುಗುಳ್ಳೆ, ಒಡೆದರೆ ಜಿನುಗು, ಒಣಗಿದರೆ ಬಿರುಕು. ಕಣ್ಣು ಉಜ್ಜಿಕೊಂಡಿದ್ದಕ್ಕೆ ರೆಪ್ಪೆಯೂ ಊದಿತು. ತುರಿಕೆ ಎಂಥದು ಅಂದರೆ ರೋಲರಿನ ಬಿಸಿ ಕಬ್ಬಿಣಕ್ಕೆ ಕೈ ಒತ್ತಿಬಿಡೋಣ ಅನ್ನಿಸುತ್ತಿತ್ತು ಅಂದಳು. ಅವಳು ಮಾಡಿದ್ದು ಒಂದೇ. ಕೈ ಹಾಳಾಯಿತು ಅಂತ ಗ್ಲೌಸನ್ನು ಇನ್ನಷ್ಟು ನಿಷ್ಠೆಯಿಂದ ಹಾಕಿಕೊಂಡಳು. ಊಟದ ಹೊತ್ತಿನಲ್ಲೂ ಎಡಗೈದು ತೆಗೆಯಲಿಲ್ಲ.

ಕುಳ್ಳಿಗೆ ಮೊದಲು ಗೊತ್ತಾಯಿತು. ಮೂಲೆಗಳನ್ನು ಬೆರಳಿಗೆ ಕೊಡುವ ಬದಲು ಮೇಜಿನ ಮೇಲಿಟ್ಟು ಹಿಂದೆ ಸರಿಯತೊಡಗಿದಳು. ಮಡಿಕೆಗಳು ಸೊಟ್ಟಗಾದವು, ನಾನೂರು ಮುನ್ನೂರಾಯಿತು. ಮ್ಯಾನೇಜರ್ ಕೇಳಿದಾಗ ಕುಳ್ಳಿ ಎಲ್ಲರಿಗೂ ಕೇಳುವ ಹಾಗೆ, ನಂಗೂ ಮೊಮ್ಮಕ್ಕಳಿದಾರೆ ಸಾರ್, ಈ ಕಜ್ಜಿ ಜೊತೆ ನಾನು ಮಡಿಸೋಲ್ಲ ಅಂದಳು. ಮ್ಯಾನೇಜರ್ ಹತ್ತಿರ ಬಂದು ನೋಡಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದ: ಏನು ರೋಗ ಅಂತ, ಅಂಟಲ್ಲ ಅಂತ, ಡಾಕ್ಟರ ಕೈಲಿ ಬರೆಸಿಕೊಂಡು ಬಾ. ಕಾಗದ ತಂದರೆ ಮೇಜು. ಇಲ್ಲದಿದ್ದರೆ ಅರವತ್ತು ದಿನ ಆದಮೇಲೆ ನಿನ್ನ ಜಾಗಕ್ಕೆ ಬೇರೆಯವರು.

ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಎರಡು ಸಾಲಿನ ಕಾಗದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಬೇಕು ಮಾರಾಯರೇ. ಕೂಲಿಯವಳ ಅಂಗೈಯಾದರೆ ಕನ್ನಡಿಯೂ ಬೇಕು, ಸಹಿಯೂ ಬೇಕು, ಮೊಹರೂ ಬೇಕು.

ಗೆರೆಯಕ್ಕ ಇರುವುದು ಮಗಳ ಮನೆಯಲ್ಲಿ. ಎರಡು ಕೋಣೆ, ಒಂದು ಬಚ್ಚಲು, ನಾಲ್ಕು ಜನ. ಅಳಿಯ ಎಲೆಕ್ಟ್ರಿಷಿಯನ್. ಅವನ ಮಗಳಿಗೆ ನಾಲ್ಕು ವರ್ಷ. ಮೊದಲ ವಾರ ಗೆರೆಯಕ್ಕನ ತಟ್ಟೆ ಬೇರೆಯಾಯಿತು, ಎರಡನೇ ವಾರ ಟವಲು, ಮೂರನೇ ವಾರ ಮೊಮ್ಮಗಳನ್ನು ತೊಡೆಗೆ ಕೊಡುವುದು ನಿಂತಿತು. ಅಳಿಯ ಒರಟನಲ್ಲ, ಅದೇ ಕಷ್ಟ. ಒರಟನಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವನು ವಿನಯವಾಗಿ, ಅತ್ತೆ, ಬೇಜಾರ್ ಮಾಡ್ಕೋಬೇಡಿ, ನಿಮ್ಮ ಕೆಲಸದ್ದು ಗ್ಲೌಸ್ ಇದ್ಯಲ್ಲಾ, ಅದನ್ನ ಮನೇಲೂ ಹಾಕ್ಕೊಂಡುಬಿಡಿ ಅಂದ. ಅವಳು ಹಾಕಿಕೊಂಡಳು. ಪಾತ್ರೆ ತೊಳೆಯುವಾಗ, ಬಾಗಿಲ ಚಿಲಕ ಹಿಡಿಯುವಾಗ, ಮಗು ಎಲ್ಲಿ ಬಂದು ಮುಟ್ಟೀತೋ ಅಂತ ಮಲಗಿರುವಾಗಲೂ.

ನಾನು ನೋಡಲು ಹೋದೆ. ಬರಿಗೈಲಿ ಹೋಗಬಾರದು ಅಂತ ಸಂಘದ ಕಪಾಟಿನಿಂದ ಹೊಸ ಗ್ಲೌಸು ಎರಡು ಜೊತೆ ತೆಗೆದುಕೊಂಡು ಹೋದೆ. ಇದ್ದದ್ದು ಹರಿದಿವೆ, ಸರಿಯಾದ ಹೊತ್ತಿಗೆ ತಂದ್ರಿ ಅಣ್ಣ ಅಂದಳು.

ಆ ಕಾಗದಕ್ಕೆ ಅವಳು ಹೋಗಿ ಕೇಳಿದವರಲ್ಲಿ ಮೊದಲನೆಯವನು ಕಂಪನಿ ಡಾಕ್ಟರು. ಮಂಗಳವಾರ ಒಂದು ಗಂಟೆ ಗೇಟಿನ ಪಕ್ಕದ ಕೋಣೆಯಲ್ಲಿ ಕೂರುತ್ತಾನೆ. ತಲೆನೋವಿಗೂ ಬೆನ್ನುನೋವಿಗೂ ಒಂದೇ ಗುಳಿಗೆ ಕೊಡುವವನು. ಮೇಜಿನ ಆಚೆಯಿಂದಲೇ ನೋಡಿ, ವಯಸ್ಸಾದವರ ಚರ್ಮ, ಒಣಗುತ್ತೆ, ಎಣ್ಣೆ ಹಚ್ಚಿ ಅಂದ. ಕಾಗದ ಕೇಳಿದ್ದಕ್ಕೆ, ಅಂಟಲ್ಲ ಅಂತ ಬರೆದು ನಾಳೆ ನಾಲ್ಕು ಜನಕ್ಕೆ ಬಂದರೆ ನನ್ನ ಕೆಲಸ ಹೋಗುತ್ತೆ ಅಂದ. ಅವನ ಕೆಲಸ ಉಳಿಯಿತು.

ಎರಡನೆಯವನು ಗಾಜಿನ ಬಾಗಿಲಿನ ಚರ್ಮದ ಕ್ಲಿನಿಕ್ಕಿನವನು. ಗೋಡೆಯ ಮೇಲೆ ಮೊಡವೆ ಇಲ್ಲದ ಹುಡುಗಿಯರ ಫೋಟೋ. ಗೆರೆಯಕ್ಕ ಕೂತ ಕುರ್ಚಿಯನ್ನು ಅವಳು ಎದ್ದ ತಕ್ಷಣ ಒರೆಸಿದರು, ಅವಳ ಕಣ್ಣೆದುರಿಗೇ. ನಾಲ್ಕು ಥರ ರಕ್ತ ಪರೀಕ್ಷೆ ಮಾಡಿಸಿದರು. ಡಾಕ್ಟರು ಬುದ್ಧಿವಂತ, ಇಲ್ಲ ಅನ್ನುವುದಿಲ್ಲ. ಕೆಲಸದ ಜಾಗದ ಸೋಪಿನಿಂದ ಆಗಿರಬಹುದಾ ಅಂತ ಅವನಿಗೂ ಅನುಮಾನ ಬಂತು. ಕೆಲಸಕ್ಕೆ ಹೋಗುತ್ತಿದ್ದೀರಾ ಅಂತ ಕೇಳಿದ. ಇಲ್ಲ, ಹದಿನೆಂಟು ದಿನದಿಂದ ಮನೆಯಲ್ಲೇ ಇದ್ದೀನಿ ಅಂದಳು. ಕಡಿಮೆಯಾಗಿದೆಯಾ? ಇಲ್ಲ, ಜಾಸ್ತಿಯಾಗಿದೆ. ಹಾಗಾದರೆ ಕೆಲಸದ್ದಲ್ಲ, ಕೆಲಸದ್ದಾಗಿದ್ದರೆ ಮನೆಯಲ್ಲಿ ಕೂತರೆ ಇಳಿಯಬೇಕಿತ್ತು ಅಂದುಬಿಟ್ಟ. ಲೆಕ್ಕ ಸರಿ. ಮಲಗುವಾಗಲೂ ಅವಳ ಕೈಮೇಲೆ ಏನಿರುತ್ತದೆ ಅಂತ ಮಾತ್ರ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಬಾಗಿಲ ಹೊರಗೇ ಗ್ಲೌಸು ತೆಗೆದು ಚೀಲಕ್ಕೆ ಹಾಕಿಕೊಂಡು ಒಳಗೆ ಹೋಗಿದ್ದಳು, ದೊಡ್ಡವರ ಮುಂದೆ ತಲೆಗೆ ಕಟ್ಟಿದ ಬಟ್ಟೆ ಬಿಚ್ಚುವ ಹಾಗೆ. ಗುಳಿಗೆ ನುಂಗಿದ ಒಂದು ವಾರ ಕೈ ಆರಿತು, ನಿಲ್ಲಿಸಿದ ಮೂರನೇ ದಿನಕ್ಕೆ ಎರಡರಷ್ಟಾಗಿ ಎದ್ದಿತು. ಅವನು ಕೊಟ್ಟ ಕಾಗದದಲ್ಲಿ ‘ಕಾರಣ ಗೊತ್ತಾಗಿಲ್ಲ’ ಅಂತ ಇತ್ತು. ಮ್ಯಾನೇಜರ್ ಅದನ್ನು ಎರಡು ಬೆರಳಲ್ಲಿ ಹಿಡಿದು ಓದಿ, ಡಾಕ್ಟರಿಗೇ ಗೊತ್ತಿಲ್ಲದ ರೋಗ ನಮ್ಮ ಮೇಜಿಗೆ ಬೇಡ ಅಂದ. ಇಲ್ಲದ ಕಾಗದಕ್ಕಿಂತ ಇದ್ದ ಕಾಗದ ಕೆಟ್ಟದಾಯಿತು.

ಮೂರನೆಯವನು ಡಾಕ್ಟರೇ ಅಲ್ಲ, ಬೀದಿ ಕೊನೆಯ ಔಷಧಿ ಅಂಗಡಿಯವನು. ಹುಳುಕಡ್ಡಿ ಅಂತ ತೀರ್ಮಾನ ಮಾಡಿ ಮೂರು ಮದ್ದು ಬೆರೆಸಿದ ಮುಲಾಮಿನ ಟ್ಯೂಬು ಕೊಟ್ಟ. ನೆರೆಮನೆಯವರು ನಂಜು ಅಂದರು, ಬದನೆಕಾಯಿ ಬಿಡು ಅಂದರು. ಬದನೆಕಾಯಿ ಬಿಟ್ಟಳು. ಮೀನು ಬಿಟ್ಟಳು. ಇನ್ನೊಬ್ಬಳು ಬಂದು ಯಾರ ಹೊಟ್ಟೆ ಉರಿಸಿದ್ದೆ ನೆನಪು ಮಾಡಿಕೋ ಅಂದಳು. ಅದಕ್ಕೆ ಗೆರೆಯಕ್ಕ, ಹೊಟ್ಟೆ ಉರಿಸಿದ್ದಕ್ಕೆ ಕೈಗೆ ಬರೋದಾದ್ರೆ ನಮ್ಮ ಮ್ಯಾನೇಜರ್‌ಗೆ ಮೈಯೆಲ್ಲಾ ಬರಬೇಕಿತ್ತು ಅಂದಳಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಡೆಯೂ ಇದ್ದಾರೆ, ಆದರೆ ಕಾಯಿಲೆ ಬಿದ್ದ ಮನೆ ಬಾಗಿಲಿಗೆ ಅವರೆಲ್ಲ ಒಟ್ಟಿಗೆ ಬರುತ್ತಾರೆ.

ಸರ್ಕಾರಿ ಆಸ್ಪತ್ರೆಗೆ ಹೋಗಿದ್ದು ಮೂವತ್ತನೇ ದಿನ. ಚರ್ಮದ ವಿಭಾಗಕ್ಕೆ ಚೀಟಿ ಕೊಡುವ ಕಿಟಕಿ ಎಂಟಕ್ಕೆ ತೆರೆಯುತ್ತದೆ, ಜನ ಆರಕ್ಕೇ ನಿಂತಿರುತ್ತಾರೆ. ಒಂದು ಕಾಲಿಗೆ ಇಟ್ಟಿಗೆ ಕೊಟ್ಟ ಬೆಂಚು. ಆ ಬೆಂಚಿನಲ್ಲಿ ಯಾರೂ ಯಾರಿಂದಲೂ ಸರಿದು ಕೂರಲಿಲ್ಲ ಅನ್ನುವುದೇ ಅವಳಿಗೆ ಅರ್ಧ ಔಷಧಿ. ಎಲ್ಲರ ಮೈಮೇಲೂ ಏನೋ ಒಂದಿತ್ತು. ಮಧ್ಯಾಹ್ನ ಒಂದೂವರೆಗೆ ಅವಳ ಸರದಿ ಬಂತು. ಡಾಕ್ಟರಮ್ಮನಿಗೆ ನಲವತ್ತು ಇರಬಹುದು. ಮುಖದಲ್ಲಿ ಒಂದು ಕಳೆಯಿಲ್ಲ, ಮಾತಲ್ಲಿ ಒಂದು ನಯವಿಲ್ಲ, ಮುಂದೆ ಆರಿದ ಚಹಾ. ಬೆರಳುಗಳನ್ನು ಹಿಡಿದು ನೋಡಿದರು. ಹೌದು, ಹಿಡಿದರು. ಐದು ವಾರದಲ್ಲಿ ಅವಳ ಕೈಯನ್ನು ಇನ್ನೊಬ್ಬ ಮನುಷ್ಯರು ಹಿಡಿದದ್ದು ಅದೇ ಮೊದಲು. ಏನು ಕೆಲಸ ಅಂತ ಕೇಳಿದರು. ಹೇಳಿದಳು. ಮುಲಾಮು, ಗುಳಿಗೆ ಎಲ್ಲ ನಿಲ್ಲಿಸಿ, ಎರಡು ವಾರ ಬಿಟ್ಟು ಬನ್ನಿ, ಬರುವಾಗ ಕೆಲಸದಲ್ಲಿ ಮನೆಯಲ್ಲಿ ಕೈಗೆ ತಾಗುವ ಒಂದೊಂದು ಸಾಮಾನನ್ನೂ ಸ್ವಲ್ಪ ಸ್ವಲ್ಪ ತನ್ನಿ, ಒಂದೂ ಬಿಡಬೇಡಿ ಅಂದರು. ಎರಡು ನಿಮಿಷ. ಮುಂದಿನವರು ಬಂದಾಯಿತು.

ಆ ಎರಡು ವಾರ ಮುಲಾಮೂ ಇಲ್ಲದೆ ಅವಳು ಹಲ್ಲು ಕಚ್ಚಿಕೊಂಡಿದ್ದನ್ನು ನಾನು ನೋಡಿದ್ದೇನೆ. ಸಾಮಾನು ಕೂಡಿಸುವುದೂ ಸುಲಭವಿರಲಿಲ್ಲ. ಲಾಂಡ್ರಿಯ ಗೇಟು ಅವಳಿಗೆ ಮುಚ್ಚಿತ್ತು. ಬಟ್ಟೆ ಒಗೆಯುವ ಡ್ರಮ್ಮಿನ ಹತ್ತಿರ ಕೆಲಸ ಮಾಡುವ ಒಬ್ಬನನ್ನು ಹಿಡಿದು, ಸೋಪಿನ ಪುಡಿ, ಕಲೆ ತೆಗೆಯುವ ನೀರು, ಬಿಳುಪಿನ ಪುಡಿ, ಗಂಜಿ, ಮೆತ್ತಗಾಗಲು ಹಾಕುವ ಪರಿಮಳದ ದ್ರವ, ಎಲ್ಲವನ್ನೂ ಔಷಧಿ ಬಾಟಲಿಗಳಲ್ಲೂ ಕಾಗದದ ಪೊಟ್ಟಣಗಳಲ್ಲೂ ತರಿಸಿದೆವು. ಮನೆಯಿಂದ ಪಾತ್ರೆ ಸೋಪು, ಬಟ್ಟೆ ಸೋಪು, ಮೈ ಸೋಪು, ತಲೆಗೆಣ್ಣೆ, ಫಿನಾಯಿಲು, ಅರಿಶಿನ. ಒಟ್ಟು ಹನ್ನೊಂದು. ಒಂದೊಂದರ ಮೇಲೂ ಹೆಸರು ಬರೆದು ಅಂಟಿಸಿದ್ದು ಅಳಿಯ. ಅಚ್ಚುಕಟ್ಟಾಗಿ ಬರೆದಿದ್ದ. ಮುಟ್ಟಿದ ಮೇಲೆ ಕೈ ತೊಳೆದುಕೊಂಡ.

ಎರಡನೇ ಸಲ ನಾನೂ ಜೊತೆಗೆ ಹೋಗಿದ್ದೆ, ಬಾಗಿಲ ಹತ್ತಿರ ನಿಂತಿದ್ದೆ. ಅವಳು ಹನ್ನೊಂದನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಡಾಕ್ಟರಮ್ಮ ಈ ಸಲ ತೋಳಿನ ಬಟ್ಟೆ ಮೇಲಕ್ಕೆ ಸರಿಸಿ ನೋಡಿದರು. ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ದದ್ದು ಸೀದಾ ಒಂದು ಸುತ್ತಿಗೆ ನಿಂತುಹೋಗಿತ್ತು. ಅದರ ಮೇಲೆ ಒಳ್ಳೆಯ ಚರ್ಮ, ಕೆಳಗೆ ಹಾಳು. ಎರಡೂ ಕೈಗೂ ಒಂದೇ ಎತ್ತರಕ್ಕೆ. ಸೋಪಿನ ನೀರು ಹೀಗೆ ಅಳತೆ ಮಾಡಿ ನಿಲ್ಲೋದಿಲ್ಲವಲ್ಲ, ಇಲ್ಲಿವರೆಗೆ ಏನು ಹಾಕ್ಕೊಳ್ತೀರಿ ಅಂತ ಕೇಳಿದರು.

ಗೆರೆಯಕ್ಕ ಚೀಲದಿಂದ ಹಳದಿ ಗ್ಲೌಸು ತೆಗೆದು ತೋರಿಸಿದಳು.

“ಎಲ್ಲಾ ಸಾಮಾನು ತನ್ನಿ ಅಂದಿದ್ನಲ್ಲಾ. ಇದನ್ನ್ಯಾಕೆ ಇಡ್ಲಿಲ್ಲ?”

“ಅದು ಸಾಮಾನಲ್ಲ ಡಾಕ್ಟ್ರಮ್ಮ. ಅದು ನಮ್ಮ ಸಂಘದ್ದು.”

ಡಾಕ್ಟರಮ್ಮ ಸಂಘ ಯಾವುದು ಅಂತ ಕೇಳಲಿಲ್ಲ. ಗ್ಲೌಸಿನ ಒಳಭಾಗವನ್ನು ಹೊರಗೆ ಮಗುಚಿ, ಮೂಸಿ, ದಿನಕ್ಕೆ ಎಷ್ಟು ಹೊತ್ತು ಹಾಕ್ಕೊಳ್ತೀರಿ ಅಂದರು. ಸ್ನಾನದ ಹೊತ್ತು ಬಿಟ್ಟು ಎಲ್ಲಾ ಹೊತ್ತು ಅಂದಳು. ಮಲಗುವಾಗ? ಆಗಲೂ. ಇದು ಯಾರ ಬುದ್ಧಿ ಅಂದರು. ಗೆರೆಯಕ್ಕ ಗದ್ದ ಎತ್ತಿ ನನ್ನ ಕಡೆ ತೋರಿಸಿದಳು. ಕೆಮ್ಮಿ ಉಗುಳಿದ್ದನ್ನು ನೋಡುವ ಹಾಗೆ ಡಾಕ್ಟರಮ್ಮ ನನ್ನನ್ನು ನೋಡಿದರು.

ಅಂಥ ಕೈಗೆ ಪರೀಕ್ಷೆ ಇದೆ. ಸಾಮಾನುಗಳನ್ನು ನೀರಲ್ಲಿ ತೆಳುಮಾಡಿ ತೊಟ್ಟು ತೊಟ್ಟು ಬೆನ್ನಿಗೆ ಅಂಟಿಸುತ್ತಾರೆ. ಅವಳ ಹನ್ನೊಂದು, ಗ್ಲೌಸಿನಿಂದ ಕತ್ತರಿಸಿದ ಒಂದು ಚೂರು, ಆಸ್ಪತ್ರೆಯವರದೇ ರಾಸಾಯನಿಕಗಳು ಎರಡು ಸಾಲು. ಒಂದೊಂದರ ಪಕ್ಕದಲ್ಲೂ ಪೆನ್ನಿನಲ್ಲಿ ನಂಬರು. ಎರಡು ದಿನ ಆದಮೇಲೆ ಕಿತ್ತು ನೋಡುತ್ತಾರೆ, ಇನ್ನೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಅಲ್ಲಿವರೆಗೆ ಬೆನ್ನಿಗೆ ನೀರು ಸೋಕಬಾರದು, ಬೆವರಬಾರದು, ಕೆರೆಯಬಾರದು. ಬೆವರಬಾರದು ಅಂತ ಸಿಮೆಂಟು ಶೀಟಿನ ಮನೆಯಲ್ಲಿ ಮಲಗುವವಳಿಗೆ ಹೇಳಿ ಕಳಿಸಿದರು. ಅಳಿಯ ತನ್ನ ಕೋಣೆಯ ಫ್ಯಾನು ಬಿಚ್ಚಿ ತಂದು ಅವಳ ತಲೆಯ ಮೇಲೆ ಕಟ್ಟಿದ. ಅದನ್ನೂ ಹೇಳದಿದ್ದರೆ ಅನ್ಯಾಯ. ಅವಳು ನಾಲ್ಕು ದಿನ ಬೋರಲು ಮಲಗಿ, ಈ ವಯಸ್ಸಿಗೆ ಬೆನ್ನ ಮೇಲೆ ಮಗ್ಗಿ ಬರೆಸ್ಕೊಂಡೆ ಅಂತ ಮೊಮ್ಮಗಳಿಗೆ ದೂರದಿಂದಲೇ ಎಣಿಸಲು ಕಲಿಸಿದಳು. ಇನ್ನೊಂದು ಮಾತು. ಡಾಕ್ಟರಮ್ಮ ಆ ಗ್ಲೌಸನ್ನು ಕಿತ್ತುಕೊಂಡು ತಮ್ಮ ಕಸದ ಬುಟ್ಟಿಗೆ ಹಾಕಿದ್ದರು. ಆ ನಾಲ್ಕು ದಿನ ಕೈ ಬರಿದಾಗಿತ್ತು. ತುರಿಕೆ ಅರ್ಧಕ್ಕೆ ಇಳಿಯಿತು.

ಐದನೇ ದಿನ ಬೆನ್ನು ನೋಡಿದಾಗ ಹನ್ನೊಂದು ಚೌಕವೂ ಹುಟ್ಟಿದ ಚರ್ಮದ ಹಾಗೆ ಸುಮ್ಮನಿದ್ದವು. ಸೋಪು ಸುಮ್ಮನೆ, ಬಿಳುಪು ಸುಮ್ಮನೆ. ಗ್ಲೌಸಿನ ಚೂರು ಇಟ್ಟ ಜಾಗ ಕೆಂಪಗೆ ಉಬ್ಬಿ ಸಣ್ಣ ಗುಳ್ಳೆ ಎದ್ದಿತ್ತು. ಆಸ್ಪತ್ರೆಯವರ ಸಾಲಿನಲ್ಲಿ ರಬ್ಬರನ್ನು ಗಟ್ಟಿ ಮಾಡಲು ಹಾಕುವ ರಾಸಾಯನಿಕದ ಚೌಕವೂ ಹಾಗೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಡಾಕ್ಟರಮ್ಮ ಬರೆದುಕೊಟ್ಟರು: ರಬ್ಬರ್ ಕೈಗವಸಿನ ಅಲರ್ಜಿ, ಕೆಲಸದಿಂದ ಬಂದದ್ದು, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಇನ್ನು ಮುಂದೆ ರಬ್ಬರ್ ಗ್ಲೌಸು ಹಾಕಕೂಡದು, ರಬ್ಬರಿಲ್ಲದ ಪ್ಲಾಸ್ಟಿಕ್ ಗ್ಲೌಸಿನ ಒಳಗೆ ಹತ್ತಿ ಬಟ್ಟೆಯದು ಹಾಕಿಕೊಂಡು ಕೆಲಸ ಮಾಡಬಹುದು. ಸಹಿ, ಮೊಹರು. ಐವತ್ತನೇ ದಿನಕ್ಕೆ ಎರಡು ಸಾಲಿನ ಕಾಗದ ಐದು ಸಾಲಾಗಿ ಸಿಕ್ಕಿತು.

ಮನೆಗೆ ಬಂದು ಕಾಗದ ತೋರಿಸಿದಾಗ ಮಗಳು ಅತ್ತಳಂತೆ, ತಟ್ಟೆ ವಾಪಸ್ ಸೇರಿಸಲು ಹೋದಳಂತೆ. ಇರಲಿ ಬಿಡೇ, ಬೇರೆ ತಟ್ಟೆ ತೊಳೆಯೋದು ಸುಲಭ ಅಂದಳು ಗೆರೆಯಕ್ಕ. ಮಗುವನ್ನು ಮಾತ್ರ ಎತ್ತಿಕೊಂಡಳು. ಅಳಿಯನ ಮುಖ ನೋಡಲಿಲ್ಲ.

ಐವತ್ತೆರಡನೇ ದಿನ ಬೆಳಗಿನ ಪಾಳಿಗೆ ಕಾಗದ ಹಿಡಿದು ಹೋದಳು. ಮ್ಯಾನೇಜರ್ ಪೂರ್ತಿ ಓದಿ, ನಕ್ಕ. ಅಂಟೋದಿಲ್ಲ ಅಂತ ಒಪ್ಪಿದೆ, ಬಾ, ಕೆಲಸಕ್ಕೆ ಹತ್ತು ಅಂದ. ಆಮೇಲೆ ಕಪಾಟು ತೆರೆದು ನಮ್ಮ ಒಪ್ಪಂದವನ್ನು ಹೊರಗೆ ತೆಗೆದ. ಏಳನೇ ಕರಾರಿನ ಮೇಲೆ ಬೆರಳಿಟ್ಟ. ರಬ್ಬರ್ ಗ್ಲೌಸಿಲ್ಲದೆ ಮೇಜಿನ ಹತ್ತಿರ ಬರಕೂಡದು, ನಿಮ್ಮವರೇ ಸಹಿ ಹಾಕಿದ್ದು ಅಂದ. ಬೇರೆ ಗ್ಲೌಸು ಬೇಕಾದರೆ ಒಪ್ಪಂದ ಬಿಚ್ಚೋಣ, ಬಿಚ್ಚಿದರೆ ಪೂರ್ತಿ ಬಿಚ್ಚೋಣ, ಹೆಚ್ಚಿನ ಪಾಳಿಗೆ ಈಗ ಕೊಡುತ್ತಿರುವ ಕೂಲಿಯಿಂದಲೇ ಶುರುಮಾಡೋಣ ಅಂದ. ಅತ್ತ ದರಿ, ಇತ್ತ ಪುಲಿ. ದರಿ ತೋಡಿದವರು ನಾವು, ಪುಲಿ ಅವರು ಸಾಕಿದ್ದು.

ಅವತ್ತು ಸಂಜೆ ಸಂಘದ ಕಚೇರಿಯಲ್ಲಿ ಸಭೆ. ನಮ್ಮ ಕಾರ್ಯದರ್ಶಿಯನ್ನು ಎಲ್ಲರೂ ಮೈಕಣ್ಣ ಅನ್ನುತ್ತಾರೆ. ಮೂರು ಜನ ಇದ್ದರೂ ಮೈಕು ಹಿಡಿದು ಮಾತಾಡುವವನು. ಅವತ್ತು ಮಾತ್ರ ಮೈಕು ಹಿಡಿಯಲಿಲ್ಲ, ಪಿಸುಗುಟ್ಟಿದ. ಹತ್ತು ವರ್ಷದಲ್ಲಿ ಗೆದ್ದದ್ದು ಇದೊಂದು, ಇದರಲ್ಲೇ ಲೋಪ ಅಂತ ಹೊರಗೆ ಗೊತ್ತಾದರೆ ನಾಳೆ ಯಾರು ಗೇಟಿಗೆ ಬಂದು ಕೂರುತ್ತಾರೆ ಅಂದ. ಒಬ್ಬರ ಮೈಗೆ ಒಗ್ಗಲಿಲ್ಲ ಅಂತ ನೂರಾ ಇಪ್ಪತ್ತು ಜನರ ಒಪ್ಪಂದ ಬಿಚ್ಚಲಾಗುತ್ತದೆಯೇ ಅಂದ. ಗೆರೆಯಕ್ಕನಿಗೆ ಗೇಟಿನ ಹತ್ತಿರ ಲೆಕ್ಕ ಬರೆಯುವ ಕೆಲಸ ಕೇಳೋಣ ಅಂದ. ಅವಳಿಗೆ ಓದು ಬರಹ ಬರುವುದಿಲ್ಲ ಅಂತ ಅವನಿಗೆ ಗೊತ್ತು. ನಾನು ಎದ್ದು, ರಬ್ಬರ್ ಪದ ಸೇರಿಸಿದವನು ನಾನು, ತೆಗೆಯಬೇಕಾದವನೂ ನಾನೇ ಅಂದೆ. ಕೂತ್ಕೋ ಅಂದರು. ಕೂತೆ. ಅದನ್ನೂ ಬರೆದಿಡುತ್ತೇನೆ, ಕೂತೆ.

ಗೆರೆಯಕ್ಕ ಕೂರಲಿಲ್ಲ. ಆರುತ್ತಿದ್ದ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು.

“ಒಬ್ಬರ ಮೈಗೆ ಒಗ್ಗಿಲ್ಲ ಅಂತೀಯಲ್ಲಾ ಮೈಕಣ್ಣ. ಎಣಿಸಿ ಹೇಳು. ಇಲ್ಲಿ ಹದಿನಾರು ಜನ ಹೆಂಗಸರಿದೀವಿ. ಎಲ್ಲರೂ ಕೈ ಮೇಜಿನ ಮೇಲಿಡಲಿ.”

ಯಾರೂ ಇಡಲಿಲ್ಲ. ಸೆರಗಿನೊಳಗೆ, ಕಂಕುಳಲ್ಲಿ, ತೊಡೆಯ ಕೆಳಗೆ ಕೈಗಳು ಹೋದವು. ಗ್ಲೌಸು ಬಂದು ಎಂಟು ತಿಂಗಳಾಗಿತ್ತು, ಗೆರೆಯಕ್ಕನಿಗೆ ನಾವೆಲ್ಲ ಏನು ಮಾಡಿದೆವು ಅಂತ ಅವರು ಕಣ್ಣಾರೆ ಕಂಡಿದ್ದರು. ಯಾರು ತೋರಿಸುತ್ತಾರೆ? ಕುಳ್ಳಿ ಎದ್ದಳು. ಬಲಗೈ ತಂದು ಮೇಜಿನ ತುದಿಗೆ ಇಟ್ಟಳು. ಬೆರಳ ಸಂದಿಯಲ್ಲಿ ಅದೇ ಕೆಂಪು, ಅದೇ ಬಿರುಕು. ಎರಡು ತಿಂಗಳಿಂದ ಇದೆ ಅಕ್ಕಾ ಅಂತ ನೆಲ ನೋಡಿಕೊಂಡು ಹೇಳಿದಳು.

ಇಲ್ಲಿ ಗೆರೆಯಕ್ಕ ಅವಳನ್ನು ತಬ್ಬಿಕೊಂಡಳು ಅಂತ ಬರೆಯಲು ನನಗೂ ಬರುತ್ತದೆ. ತಬ್ಬಿಕೊಳ್ಳಲಿಲ್ಲ.

“ಎರಡು ತಿಂಗಳು. ನನ್ನನ್ನ ಕಜ್ಜಿ ಅಂದಾಗ ನಿನ್ನ ಕೈ ನಿನ್ನ ಹತ್ರಾನೇ ಇತ್ತಲ್ಲೇ.”

ಕುಳ್ಳಿ, ಹೌದಕ್ಕ, ಅದಕ್ಕೇ ಅಂದೆ ಅಂದಳು. ಅದಕ್ಕಿಂತ ನಿಜವಾದ ಮಾತು ಆ ಸಭೆಯಲ್ಲಿ ಬೇರೆ ಯಾರೂ ಆಡಲಿಲ್ಲ. ಇನ್ನೂ ಇಬ್ಬರು ಕೈ ಹೊರಗೆ ತೆಗೆದರು. ಉಳಿದವರು ತೆಗೆಯಲಿಲ್ಲ. ಕೊನೆಗೆ ರಬ್ಬರಿಲ್ಲದ ಗ್ಲೌಸು ಕೇಳಿ ಸಂಘದಿಂದ ಕಂಪನಿಗೆ ಒಂದು ಪತ್ರ ಹೋಗಲಿ ಅಂತಾಯಿತು, ಒಂದೇ ಮತದ ಅಂತರದಲ್ಲಿ. ಮಾರನೇ ದಿನ ಕುಳ್ಳಿ ಹಳದಿ ಗ್ಲೌಸು ಹಾಕಿಕೊಂಡು ಮೇಜಿಗೆ ಹೋದಳು. ಹೋಗದೆ ಏನು ಮಾಡುತ್ತಾಳೆ, ಅವಳ ಮನೆಯಲ್ಲೂ ಒಲೆ ಉರಿಯಬೇಕು.

ಕಂಪನಿ ಉತ್ತರ ಬರೆದಿದೆ. ಗ್ಲೌಸು ಕಾರ್ಮಿಕರ ಬೇಡಿಕೆಯ ಮೇರೆಗೆ ಕೊಟ್ಟದ್ದು, ಯಾವ ಗಿರಾಕಿಯಿಂದಲೂ ದೂರು ಬಂದಿಲ್ಲ, ಗಿರಾಕಿಗಳು ಕೇಳಿದರೆ ಪರಿಶೀಲಿಸಲಾಗುವುದು ಅಂತ. ಸೂಜಿ ತಡೆಯುವ ರಬ್ಬರಿಲ್ಲದ ಗ್ಲೌಸು ಮಾರುಕಟ್ಟೆಯಲ್ಲಿ ಇದೆ ಅಂತ ಅವರಿಗೂ ಗೊತ್ತು, ಮಡಿಸುವ ಮೇಜಿಗೆ ಬರುವಷ್ಟರಲ್ಲಿ ಸೂಜಿಯೇ ಇರುವುದಿಲ್ಲ ಅಂತಲೂ ಗೊತ್ತು. ಅರವತ್ತನೇ ದಿನ ದಾಟಿ ಗೆರೆಯಕ್ಕನ ತುದಿಗೆ ಬೇರೊಬ್ಬಳು ನಿಂತಿದ್ದಾಳೆ. ಗೆರೆಯಕ್ಕ ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಎದುರಿನ ಚಹಾ ಅಂಗಡಿ ಪಕ್ಕ ಬಕೆಟ್ಟು ಮಗುಚಿ ಅದರ ಮೇಲೆ ಕೂರುತ್ತಾಳೆ. ಹೊರಬರುವವರನ್ನು ಒಬ್ಬೊಬ್ಬರಾಗಿ ಕರೆದು, ಕೈ ತೋರ್ಸೇ ಅನ್ನುತ್ತಾಳೆ. ತೋರಿಸಿದವರನ್ನು ಬೆಳಗಿನ ಐದಕ್ಕೇ ಎಬ್ಬಿಸಿಕೊಂಡು ಆಸ್ಪತ್ರೆಯ ಕಿಟಕಿಗೆ ಕರೆದೊಯ್ಯುತ್ತಾಳೆ. ಇಲ್ಲಿಯವರೆಗೆ ಇದೇ ಬೇನೆಯ ಒಂಬತ್ತು ಜನರ ಕೈಗಳು ಸಿಕ್ಕಿವೆ. ನನ್ನ ಬಗ್ಗೆ ಒಳ್ಳೆಯವಳು ಅಂತ ಬರೀಬೇಡಿ ಅಣ್ಣ, ನನಗೆ ನನ್ನ ಮೇಜು ಬೇಕು, ಅಷ್ಟೇ ಅಂದಳು.

ಕಂಪನಿ ಹೇಳಿದ ಗಿರಾಕಿ ಯಾರು? ಹೋಟೆಲು. ಹೋಟೆಲಿನ ಗಿರಾಕಿ ಯಾರು? ಇದನ್ನು ಓದುತ್ತಿರುವ ನೀವು. ಇನ್ನೊಂದು ಸಲ ಯಾವುದೋ ಊರಿಗೆ ಹೋಗಿ ಹೋಟೆಲಿನ ಕೌಂಟರಿನಲ್ಲಿ ನಿಂತಾಗ, ರೂಮು ಹೇಗಿದೆ, ಬಿಸಿನೀರು ಬರುತ್ತಾ ಅಂತ ಕೇಳುವ ಮೊದಲು ಇದನ್ನು ಕೇಳಿ: ನಿಮ್ಮ ಹಾಸಿಗೆಗೆ ಹಾಕಿರುವ ಶೀಟು ಎಲ್ಲಿ ಒಗೆಯುತ್ತಾರೆ, ಅದನ್ನು ಮಡಿಸುವವರ ಕೈಗೆ ಯಾವ ಗ್ಲೌಸು ಕೊಟ್ಟಿದ್ದಾರೆ? ಗೊತ್ತಿಲ್ಲ ಅನ್ನುತ್ತಾರೆ. ಲಾಂಡ್ರಿಗೆ ಫೋನ್ ಮಾಡಿ ಕೇಳಿ ಅನ್ನಿ. ಅವರು ಫೋನ್ ಎತ್ತುವವರೆಗೂ ಕೌಂಟರ್ ಬಿಟ್ಟು ಅಲ್ಲಾಡಬೇಡಿ, ರೂಮಿನ ಕೀಲಿ ಮುಟ್ಟಬೇಡಿ.